ಅಡಿಕೆ ಅಟ್ಟಕ್ಕೆ 150 ಸಾಕಾ, 200 ಬೇಕಾ? ತೊಲೆಯ ಲೆಕ್ಕ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮನೆ ಪಕ್ಕದ ಉಗ್ರಾಣ 16 ಅಡಿ ಅಗಲ, 20 ಅಡಿ ಉದ್ದ. ಜಂಬಿಟ್ಟಿಗೆ ಗೋಡೆ, ಒಳಗೆ ಮಣ್ಣಿನ ಗಾರೆ. ಇದಕ್ಕೆ ಹಲಗೆಯ ಅಟ್ಟ ಮಾಡಿ ಅಡಿಕೆ ಮೂಟೆ ಇಡಬೇಕು. ಮೂಟೆ 65 ಕೆಜಿ, ಒಂದರ ಮೇಲೊಂದು ಮೂರು ಇಡುತ್ತೇವೆ, ಒಳ್ಳೆ ಫಸಲು ಬಂದ ವರ್ಷ ನೂರು ಮೂಟೆ ಆಗುತ್ತದೆ. 5 ಅಡಿಗೊಂದರಂತೆ ಮೂರು ಕಬ್ಬಿಣದ ಐ ಬೀಮ್ ಅಡ್ಡ ಹಾಕುವ ಯೋಚನೆ. ವೆಲ್ಡಿಂಗ್‌ನವರು 150 ಸಾಕು ಅಂತಾರೆ, ಮೇಸ್ತ್ರಿ 200 ಹಾಕಿ ಅಂತಾರೆ (ಬೀಮಿನ ಎತ್ತರ, ಮಿ.ಮೀ. ಲೆಕ್ಕದಲ್ಲಿ). ಯಾರ ಮಾತು ಸರಿ, ಲೆಕ್ಕ ಮಾಡೋದು ಹೇಗೆ? ಹಳೆ ಮನೆ ಬಿಚ್ಚಿದಾಗ ಸಿಕ್ಕಿದ 6×8 ಇಂಚಿನ ಹಲಸಿನ ತೊಲೆಗಳಿವೆ, ಅವನ್ನೇ ಹಾಕಬಹುದಾ? ಒಂದು ಬೀಮಿನ ತುದಿಯನ್ನು ಗೋಡೆಯಿಂದ ಒಂದು ಮೀಟರ್ ಆಚೆ ಬಿಟ್ಟು ಗಡಗಡೆ ಕಟ್ಟಿ ಮೂಟೆ ಎತ್ತಬಹುದಾ?

ಉತ್ತರ: 200 ಹಾಕಿ. ಮೇಸ್ತ್ರಿ ಮಾತು ಸರಿ. ಆದರೆ ವೆಲ್ಡಿಂಗ್‌ನವರು ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ದಾರೆ ಅಂತಲ್ಲ, ಅವರು ಯಾಕೆ ಹಾಗೆ ಹೇಳಿದರು ಅನ್ನುವುದೂ ಲೆಕ್ಕದಲ್ಲೇ ಸಿಗುತ್ತದೆ. ನೀವು "ಲೆಕ್ಕ ಮಾಡೋದು ಹೇಗೆ" ಅಂತ ಕೇಳಿದ್ದು ನನಗೆ ತುಂಬ ಹಿಡಿಸಿತು. ನಮ್ಮ ಕಡೆ ಎಷ್ಟೋ ಅಟ್ಟ, ಶೆಡ್ಡುಗಳನ್ನು "ಪಕ್ಕದ ಮನೆಯವರು ಇಷ್ಟು ಹಾಕಿದ್ದಾರೆ" ಅಂತ ನೋಡಿಕೊಂಡೇ ಕಟ್ಟುತ್ತಾರೆ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು, ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ತೊಲೆಗೆ ಕೇಳಬೇಕಾದ ಪ್ರಶ್ನೆ ಒಂದಲ್ಲ, ಎರಡು. ಮುರಿಯುತ್ತದಾ? ಜಗ್ಗುತ್ತದಾ? ಎರಡಕ್ಕೂ ಸೂತ್ರ ಬೇರೆ, ಮಿತಿ ಬೇರೆ. ಒಂದರಲ್ಲಿ ಪಾಸಾದ ತೊಲೆ ಇನ್ನೊಂದರಲ್ಲಿ ಫೇಲ್ ಆಗಬಹುದು, ನಿಮ್ಮ ಕೋಣೆಯಲ್ಲೇ ಅದಕ್ಕೆ ಉದಾಹರಣೆ ಸಿಗುತ್ತದೆ. ಜನ ಸಾಮಾನ್ಯವಾಗಿ "ಎಷ್ಟು ಟನ್ ಹೊರುತ್ತೆ" ಅಂತ ಮಾತ್ರ ಕೇಳುತ್ತಾರೆ. ಉದ್ದ ಹೇಳದೆ ಟನ್ ಕೇಳಿದರೆ ಅದಕ್ಕೆ ಉತ್ತರವೇ ಇಲ್ಲ.

ಈಗ ಭಾರ ಎಷ್ಟು ನೋಡೋಣ. ನೆಲಕ್ಕೆ ಮಲಗಿಸಿದ ಒಂದು ಮೂಟೆ ಸುಮಾರು ಅರ್ಧ ಚದರ ಮೀಟರ್ ಜಾಗ ತೆಗೆದುಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ, ನಿಮ್ಮ ಮೂಟೆಯನ್ನು ಒಮ್ಮೆ ಟೇಪ್ ಹಿಡಿದು ನೋಡಿ. ಮೂರು ಮೂಟೆ ಅಂದರೆ 195 ಕೆಜಿ, ಅದು ಅರ್ಧ ಚದರ ಮೀಟರಿನಲ್ಲಿ. ಹಾಗಾಗಿ ಒಂದು ಚದರ ಮೀಟರಿಗೆ 390 ಕೆಜಿ. ಎಂಜಿನಿಯರುಗಳು ಕಿಲೋನ್ಯೂಟನ್‌ನಲ್ಲಿ ಮಾತಾಡುತ್ತಾರೆ, 100 ಕೆಜಿಗೆ ಒಂದು ಕಿಲೋನ್ಯೂಟನ್ ಅಂತ ಹಿಡಿದರೆ ನಮಗೆ ಸಾಕು. ಅಂದರೆ ಚದರ ಮೀಟರಿಗೆ 4 ಕಿಲೋನ್ಯೂಟನ್. ಇದು ಜಾಸ್ತಿಯಾ ಕಡಿಮೆಯಾ? ಮನುಷ್ಯರು ವಾಸ ಮಾಡುವ ಕೋಣೆಯ ನೆಲಕ್ಕೆ ಐಎಸ್ 875 (ಐಎಸ್ ಅಂದರೆ ಭಾರತೀಯ ಮಾನಕ) ಹೇಳುವುದು ಚದರ ಮೀಟರಿಗೆ 2 ಕಿಲೋನ್ಯೂಟನ್. ನಿಮ್ಮ ಅಟ್ಟದ ಭಾರ ಅದರ ಎರಡು ಪಟ್ಟು. ಮಲಗುವ ಕೋಣೆಯ ಮೇಲಿನ ಅಟ್ಟ ನೋಡಿಕೊಂಡು ಅಡಿಕೆ ಅಟ್ಟ ಕಟ್ಟಬಾರದು ಅನ್ನುವುದು ಇದಕ್ಕೇ.

ಬೀಮುಗಳ ನಡುವೆ 5 ಅಡಿ, ಅಂದರೆ ಒಂದೂವರೆ ಮೀಟರ್. ಪ್ರತಿ ಬೀಮು ತನ್ನ ಆಚೆ ಈಚೆ ಮುಕ್ಕಾಲು ಮೀಟರ್ ಪಟ್ಟಿಯನ್ನು ಹೊರುತ್ತದೆ. ಹಾಗಾಗಿ ಬೀಮಿನ ಪ್ರತಿ ಮೀಟರ್ ಉದ್ದಕ್ಕೆ ಮೂಟೆಯಿಂದ 4 × 1.5 = 6 ಕಿಲೋನ್ಯೂಟನ್. ಹಲಗೆ ಮತ್ತು ಜಂತಿಗೆ 0.6 ಸೇರಿಸಿ, ಬೀಮಿನ ಸ್ವಂತ ತೂಕಕ್ಕೆ 0.25 ಸೇರಿಸಿ. ಒಟ್ಟು 7 ಅಂತ ಹಿಡಿಯಿರಿ.

ಉದ್ದ ಎಷ್ಟು? ಕೋಣೆಯ ಒಳ ಅಗಲ 16 ಅಡಿ, 4.88 ಮೀಟರ್. ಬೀಮು ಗೋಡೆಯ ಅಂಚಿನ ಮೇಲೆ ಕೂರುವುದಿಲ್ಲ, ಒಳಗೆ 15 ಸೆಂ.ಮೀ. ಹೋಗಿ ಕೂರುತ್ತದೆ, ಲೆಕ್ಕಕ್ಕೆ ಆ ಕೂರುವ ಜಾಗದ ನಡುವಿನಿಂದ ನಡುವಿಗೆ ಅಳೆಯಬೇಕು. 5 ಮೀಟರ್ ಆಯಿತು. ಇದನ್ನೇ ಸ್ಪ್ಯಾನ್ ಅನ್ನುವುದು.

ಒಂದು ಬೀಮಿನ ಮೇಲೆ ಒಟ್ಟು 7 × 5 = 35 ಕಿಲೋನ್ಯೂಟನ್, ಮೂರೂವರೆ ಟನ್. ಭಾರ ಸಮನಾಗಿ ಹರಡಿದೆ, ಹಾಗಾಗಿ ಎರಡು ಗೋಡೆಗೂ ಅರ್ಧರ್ಧ, 17.5. ಈ ಅಂಕಿ ನೆನಪಿಟ್ಟುಕೊಳ್ಳಿ, ಗೋಡೆ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇನ್ನು ಬೆಂಡಿಂಗ್ ಮೊಮೆಂಟ್. ಹೆಸರು ಕೇಳಿ ಹೆದರಬೇಡಿ, ಅದು ಬಲವನ್ನು ದೂರದಿಂದ ಗುಣಿಸಿದ್ದು, ಅಷ್ಟೇ. ಬೀಮನ್ನು ಮನಸ್ಸಿನಲ್ಲೇ ನಡುವೆ ಕತ್ತರಿಸಿ, ಎಡಗಡೆಯ ಅರ್ಧವನ್ನು ಮಾತ್ರ ನೋಡಿ. ಗೋಡೆ ಅದನ್ನು ಮೇಲಕ್ಕೆ 17.5ರಿಂದ ತಳ್ಳುತ್ತಿದೆ, ಎರಡೂವರೆ ಮೀಟರ್ ದೂರದಿಂದ. ಆ ಅರ್ಧದ ಮೇಲಿರುವ ಮೂಟೆಗಳು ಕೆಳಕ್ಕೆ 17.5ರಿಂದ ಒತ್ತುತ್ತಿವೆ, ಆದರೆ ಅವುಗಳ ನಡುಬಿಂದು ಕತ್ತರಿಸಿದ ಜಾಗದಿಂದ ಒಂದೂಕಾಲು ಮೀಟರ್ ದೂರ. ಹಾಗಾದರೆ 17.5 × 2.5 ರಲ್ಲಿ 17.5 × 1.25 ಕಳೆಯಿರಿ. 43.75 ಕಳೆ 21.9, ಉಳಿಯುವುದು 21.9 ಕಿಲೋನ್ಯೂಟನ್ ಮೀಟರ್. ಪುಸ್ತಕದಲ್ಲಿ ಇದನ್ನೇ "ಮೀಟರ್ ಭಾರ × ಸ್ಪ್ಯಾನ್ × ಸ್ಪ್ಯಾನ್ ÷ 8" ಅಂತ ಬರೆದಿರುತ್ತಾರೆ. 7 × 5 × 5 ÷ 8 ಮಾಡಿ ನೋಡಿ, ಅದೇ ಉತ್ತರ.

ಈ 21.9 ಅನ್ನು ಬೀಮು ಹೇಗೆ ತಡೆಯುತ್ತದೆ? ಬೀಮಿನ ಮೇಲಿನ ಭಾಗ ಒತ್ತಿಕೊಳ್ಳುತ್ತದೆ, ಕೆಳಗಿನ ಭಾಗ ಎಳೆದುಕೊಳ್ಳುತ್ತದೆ, ನಡುವೆ ಎಲ್ಲೋ ಒತ್ತಡವೂ ಇಲ್ಲ ಎಳೆತವೂ ಇಲ್ಲ. ಅಂದರೆ ನಡುವಿನ ಕಬ್ಬಿಣಕ್ಕೆ ಈ ವಿಷಯದಲ್ಲಿ ಹೆಚ್ಚು ಕೆಲಸವಿಲ್ಲ. ಅದಕ್ಕೇ ಐ ಬೀಮಿನಲ್ಲಿ ಕಬ್ಬಿಣವನ್ನೆಲ್ಲ ಮೇಲೆ ಕೆಳಗೆ ಫ್ಲೇಂಜಿನಲ್ಲಿ ಇಟ್ಟು ನಡುವೆ ತೆಳು ವೆಬ್ ಕೊಟ್ಟಿರುತ್ತಾರೆ. ನಿಮ್ಮ ತೋಟದ ಅಡಿಕೆ ಮರವೂ ಹಾಗೇ ಅಲ್ವಾ, ಗಟ್ಟಿ ಎಲ್ಲ ಹೊರಗೆ, ತಿರುಳು ಮೆದು. ದಬ್ಬೆ ಸೀಳುವಾಗ ನೀವು ಇಟ್ಟುಕೊಳ್ಳುವುದು ಹೊರಗಿನದ್ದನ್ನೇ. ಗಾಳಿಗೆ ಬಾಗುವ ಅಷ್ಟು ತೆಳ್ಳಗಿನ ಉದ್ದ ಮರ ನಿಂತಿರುವುದು ಆ ಹೊರಗಿನ ಗಟ್ಟಿಯಿಂದ.

200ರ ಬೀಮಿನಲ್ಲಿ ಮೇಲಿನ ಫ್ಲೇಂಜಿಗೂ ಕೆಳಗಿನದಕ್ಕೂ ನಡುವೆ ಸುಮಾರು 19 ಸೆಂ.ಮೀ. 21.9 ಅನ್ನು 0.19ರಿಂದ ಭಾಗಿಸಿದರೆ 115 ಕಿಲೋನ್ಯೂಟನ್. ಅಂದರೆ ಅಟ್ಟದ ಮೇಲೆ ಮೂರೂವರೆ ಟನ್ ಇಟ್ಟಾಗ ಕೆಳಗಿನ ಫ್ಲೇಂಜನ್ನು ಹನ್ನೊಂದೂವರೆ ಟನ್ ಬಲ ಎಳೆಯುತ್ತಿರುತ್ತದೆ. ತೊಲೆಯೊಳಗಿನ ಬಲ ಹೊರಗಿನ ಭಾರಕ್ಕಿಂತ ಹೀಗೆ ಎಷ್ಟೋ ಪಟ್ಟು ಜಾಸ್ತಿ. ಬೀಮಿನ ನಡುಭಾಗದಲ್ಲಿ ಕೆಳ ಫ್ಲೇಂಜಿಗೆ ತೂತು ಕೊರೆಯಬೇಡಿ, ಅಲ್ಲಿ ತುಂಡು ಸೇರಿಸಿ ವೆಲ್ಡ್ ಮಾಡಿಸಬೇಡಿ ಅಂತ ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಫ್ಯಾನ್ ತೂಗುಹಾಕಲು ತೂತು ಬೇಕಾದರೆ ವೆಬ್ಬಿನ ಅರ್ಧ ಎತ್ತರದಲ್ಲಿ ಕೊರೆಯಿರಿ.

ಎಳೆತ ಅಂದಾಗ ಸಾಗರದ ಹತ್ತಿರದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನೆನಪಾಗುತ್ತದೆ. ಕಲ್ಲು ಎಷ್ಟು ಒತ್ತಿದರೂ ತಡೆಯುತ್ತದೆ, ಎಳೆದರೆ ಬೇಗ ಸೀಳುತ್ತದೆ. ಕಲ್ಲಿನ ತೊಲೆಯ ಕೆಳಭಾಗಕ್ಕೆ ಬರುವುದು ಎಳೆತ. ಹಾಗಾಗಿ ಕಲ್ಲಿನ ಮಂಟಪಗಳಲ್ಲಿ ಕಂಬಗಳು ಹತ್ತಿರ ಹತ್ತಿರ ಇರಲೇಬೇಕು. ಕಬ್ಬಿಣ ಒತ್ತಡವನ್ನೂ ಎಳೆತವನ್ನೂ ಒಂದೇ ಥರ ತಡೆಯುತ್ತದೆ, ನಿಮಗೆ 16 ಅಡಿಗೆ ನಡುವೆ ಕಂಬ ಬೇಡ ಅನ್ನುವ ಧೈರ್ಯ ಬಂದಿದ್ದು ಅದರಿಂದ.

ಸರಿ, ಮುರಿಯುತ್ತದಾ ಅನ್ನುವ ಪ್ರಶ್ನೆ. ಪ್ರತಿ ಬೀಮಿಗೂ ಸೆಕ್ಷನ್ ಮಾಡ್ಯುಲಸ್ ಅಂತ ಒಂದು ಅಂಕಿ ಇರುತ್ತದೆ, ಸ್ಟೀಲ್ ಟೇಬಲ್ ಪುಸ್ತಕದಲ್ಲಿ ಸಿಗುತ್ತದೆ. ಐಎಸ್‌ಎಂಬಿ, ಅಂದರೆ ಭಾರತೀಯ ಮಾನಕದ ಮಧ್ಯಮ ತೂಕದ ಐ ಬೀಮು, 150ಕ್ಕೆ ಸುಮಾರು 96 ಘನ ಸೆಂ.ಮೀ., 175ಕ್ಕೆ 144, 200ಕ್ಕೆ 210. ಹಳೆ ಟೇಬಲ್ಲು ಹೊಸ ಟೇಬಲ್ಲಿಗೆ ಸ್ವಲ್ಪ ವ್ಯತ್ಯಾಸ ಇದೆ, ನಾನು ಕಡಿಮೆ ಕಡೆಗೇ ಹಿಡಿದಿದ್ದೇನೆ. ಮೊಮೆಂಟನ್ನು ಇದರಿಂದ ಭಾಗಿಸಿದರೆ ಕಬ್ಬಿಣದೊಳಗಿನ ಸ್ಟ್ರೆಸ್, ಅಂದರೆ ಪ್ರತಿ ಚದರ ಮಿ.ಮೀ.ಗೆ ಬರುವ ಬಲ, ಸಿಗುತ್ತದೆ. 150ಕ್ಕೆ ಚದರ ಮಿ.ಮೀ.ಗೆ 228 ನ್ಯೂಟನ್. 175ಕ್ಕೆ 152. 200ಕ್ಕೆ 104. ಸಾಮಾನ್ಯ ಮೈಲ್ಡ್ ಸ್ಟೀಲ್ 250ಕ್ಕೆ ಸೋತು ಬಾಗಿದ್ದು ಬಾಗಿದಂತೇ ಉಳಿಯುತ್ತದೆ. ಹಳೆ ಪದ್ಧತಿಯಲ್ಲಿ ಅದರ 0.66 ಪಟ್ಟು, ಅಂದರೆ 165ರವರೆಗೆ ಮಾತ್ರ ಬಿಡುತ್ತೇವೆ. 150 ಇಲ್ಲೇ ಬಿತ್ತು. ಅದು ಇವತ್ತೇ ಮುರಿಯುತ್ತದೆ ಅಂತಲ್ಲ, 228 ಇನ್ನೂ 250ರ ಒಳಗೇ ಇದೆ. ಆದರೆ ಒಂದು ವರ್ಷ ನಾಲ್ಕನೇ ಮೂಟೆ ಮೇಲೇರಿಸಿದರೆ ಉಳಿಯಲು ಜಾಗವೇ ಇಲ್ಲ. ಈಗಿನ ಐಎಸ್ 800ರಲ್ಲಿ, 2007ರದ್ದು, ಪದ್ಧತಿ ಬೇರೆ, ಭಾರವನ್ನೇ ಒಂದೂವರೆ ಪಟ್ಟು ಮಾಡಿ ಬೀಮಿನ ಪೂರ್ತಿ ಶಕ್ತಿಯ ಜೊತೆ ಹೋಲಿಸುತ್ತಾರೆ. ಆ ದಾರಿಯಲ್ಲಿ ಹೋದರೂ 150 ಫೇಲು, 200 ಪಾಸು.

175 ಪಾಸಾಯಿತು, ಅಲ್ವಾ? ಹಾಗಾದರೆ 175 ತಂದುಬಿಡೋಣವಾ? ಇಲ್ಲೇ ಎರಡನೇ ಪ್ರಶ್ನೆ ಬರುವುದು.

ಜಗ್ಗುವುದರ ಸೂತ್ರ ನೋಡಿ: 5 × ಮೀಟರ್ ಭಾರ × ಸ್ಪ್ಯಾನಿನ ನಾಲ್ಕನೇ ಘಾತ, ಇದನ್ನು 384 × ಇ × ಐ ಯಿಂದ ಭಾಗಿಸಬೇಕು. "ಇ" ಅಂದರೆ ವಸ್ತು ಎಷ್ಟು ಬಿಗಿ ಅನ್ನುವುದು, ಕಬ್ಬಿಣಕ್ಕೆ 2,00,000 ನ್ಯೂಟನ್ ಚದರ ಮಿ.ಮೀ.ಗೆ. ನೀವು ಎಷ್ಟು ದುಬಾರಿ ಗಟ್ಟಿ ಸ್ಟೀಲ್ ತಂದರೂ ಈ ಇ ಬದಲಾಗುವುದಿಲ್ಲ. ಹೈ ಸ್ಟ್ರೆಂತ್ ಅಂತ ಹೇಳಿ ಮಾರಿದರೆ ಅದು ಮುರಿಯುವುದಕ್ಕೆ ಮಾತ್ರ ಸಂಬಂಧ, ಜಗ್ಗುವುದಕ್ಕಲ್ಲ. "ಐ" ಅಂದರೆ ಆಕಾರ ಎಷ್ಟು ಬಿಗಿ ಅನ್ನುವುದು, ಇದೂ ಟೇಬಲ್ಲಿನಲ್ಲೇ ಇರುತ್ತದೆ. 150ಕ್ಕೆ ಸುಮಾರು 720, 175ಕ್ಕೆ 1,260, 200ಕ್ಕೆ 2,100, ಎಲ್ಲ ಸೆಂ.ಮೀ. ನಾಲ್ಕನೇ ಘಾತದಲ್ಲಿ. ಲೆಕ್ಕ ಮಾಡುವಾಗ ಎಲ್ಲವನ್ನೂ ಮಿ.ಮೀ. ಮತ್ತು ನ್ಯೂಟನ್‌ಗೆ ಬದಲಿಸಿಕೊಳ್ಳಿ, ಸೆಂ.ಮೀ.ಯ ಐ ಅನ್ನು 10,000ದಿಂದ ಗುಣಿಸಿ. ಮೀಟರಿಗೆ 7 ಕಿಲೋನ್ಯೂಟನ್ ಅಂದರೆ ಮಿ.ಮೀ.ಗೆ 7 ನ್ಯೂಟನ್, ಅದು ಹಾಗೇ ಇರಲಿ. ಹೆಚ್ಚಿನವರು ತಪ್ಪುವುದು ಸೂತ್ರದಲ್ಲಲ್ಲ, ಈ ಬದಲಾವಣೆಯಲ್ಲಿ.

ಉತ್ತರ ಹೀಗೆ ಬರುತ್ತದೆ. 150 ಹಾಕಿದರೆ ನಡುವೆ ಒಟ್ಟು 40 ಮಿ.ಮೀ. ಜಗ್ಗುತ್ತದೆ. 175 ಹಾಕಿದರೆ ಸುಮಾರು 23. 200 ಹಾಕಿದರೆ 13.6. ಐಎಸ್ 800 ಇಂಥ ನೆಲಕ್ಕೆ ಕೊಡುವ ಮಿತಿ ಸ್ಪ್ಯಾನಿನ 300ರಲ್ಲಿ ಒಂದು ಪಾಲು, ಅಂದರೆ 5,000 ÷ 300 = 16.7 ಮಿ.ಮೀ. ಈ ಮಿತಿ ಮೇಲೆ ಬಂದು ಹೋಗುವ ಭಾರಕ್ಕೆ, ನಮ್ಮಲ್ಲಿ ಮೂಟೆಗೆ. ಒಟ್ಟು 7ರಲ್ಲಿ ಮೂಟೆಯದು 6, ಹಾಗಾಗಿ 175ರಲ್ಲಿ ಮೂಟೆಯಿಂದ ಮಾತ್ರ 19 ಮಿ.ಮೀ. ಮಿತಿ ದಾಟಿತು. ಶಕ್ತಿಯಲ್ಲಿ ಪಾಸಾದ ಬೀಮು ಬಿಗಿಯಲ್ಲಿ ಫೇಲಾಯಿತು. 200ರಲ್ಲಿ ಮೂಟೆಯಿಂದ 11.6, ನೆಮ್ಮದಿ.

ಜಗ್ಗಿದರೆ ಏನಾಗುತ್ತದೆ, ಮುರಿಯಲಿಲ್ಲವಲ್ಲ ಅಂತ ಕೇಳುವವರಿದ್ದಾರೆ. ಹಲಗೆ ಸಂದು ಬಿಡುತ್ತದೆ, ನಡೆದರೆ ಅಟ್ಟ ಅಲ್ಲಾಡುತ್ತದೆ. ಬೀಮಿನ ತುದಿ ಓರೆಯಾಗಿ ಗೋಡೆಯ ಒಳ ಅಂಚನ್ನು ಒತ್ತುತ್ತದೆ, ಮಣ್ಣಿನ ಗಾರೆಯ ಗೋಡೆಗೆ ಇದು ಕೆಟ್ಟದ್ದು. ಜಂಬಿಟ್ಟಿಗೆ ಗೋಡೆಯಲ್ಲಿ ತೊಲೆಯ ಬುಡದಿಂದ ಓರೆಯಾಗಿ ಇಳಿಯುವ ಬಿರುಕು ನೋಡಿದ್ದರೆ ನಾನು ಹೇಳುತ್ತಿರುವುದು ಏನು ಅಂತ ಗೊತ್ತಾಗುತ್ತದೆ.

ಈಗ ವೆಲ್ಡಿಂಗ್‌ನವರ ಮಾತಿಗೆ ಬರೋಣ. ಸೂತ್ರದಲ್ಲಿ ಸ್ಪ್ಯಾನು ಎಲ್ಲಿದೆ ನೋಡಿ. ಗೋಡೆಗೆ ಹೋಗುವ ಭಾರದಲ್ಲಿ ಒಂದು ಸಲ, ಮೊಮೆಂಟಿನಲ್ಲಿ ಎರಡು ಸಲ, ಜಗ್ಗುವುದರಲ್ಲಿ ನಾಲ್ಕು ಸಲ ಗುಣಿಸಿಕೊಂಡಿದೆ. ಇದೇ ಅಟ್ಟ 12 ಅಡಿ ಕೋಣೆಗೆ ಆಗಿದ್ದರೆ ಸ್ಪ್ಯಾನು 3.8 ಮೀಟರ್. ಅಲ್ಲಿ 150ರ ಸ್ಟ್ರೆಸ್ ಸುಮಾರು 131, ಮೂಟೆಯಿಂದ ಜಗ್ಗುವುದು 11 ಮಿ.ಮೀ. ಸುಮಾರು, ಮಿತಿ 12.7. ಎರಡರಲ್ಲೂ ಪಾಸು! ಅವರು 10–12 ಅಡಿ ಕೋಣೆಗಳಿಗೆ 150 ಹಾಕಿ ಏನೂ ಆಗದ್ದನ್ನು ನೋಡಿರುತ್ತಾರೆ, ಅದನ್ನೇ ನಿಮಗೂ ಹೇಳಿದ್ದಾರೆ. ನಾಲ್ಕು ಅಡಿ ಜಾಸ್ತಿ ಆದದ್ದಕ್ಕೆ ಜಗ್ಗುವುದು ಮೂರು ಪಟ್ಟು ಆಗುತ್ತದೆ ಅಂತ ಯಾರಿಗೂ ಅಂದಾಜಿನಲ್ಲಿ ಹೊಳೆಯುವುದಿಲ್ಲ.

"150ನ್ನೇ ಹತ್ತಿರ ಹತ್ತಿರ ಹಾಕಿದರೆ?" ಹಾಕಬಹುದು. ಒಟ್ಟು ಜಗ್ಗುವುದನ್ನು 40ರಿಂದ 16.7ಕ್ಕೆ ಇಳಿಸಬೇಕಾದರೆ ಒಂದೂವರೆ ಮೀಟರ್ ಬದಲು ಸುಮಾರು 63 ಸೆಂ.ಮೀ.ಗೆ ಒಂದು ಬೀಮು ಬೇಕು. 150 ಮೀಟರಿಗೆ 15 ಕೆಜಿ ತೂಗುತ್ತದೆ, 200 ಮೀಟರಿಗೆ 24–25 ಕೆಜಿ. ಚದರ ಮೀಟರಿಗೆ ಲೆಕ್ಕ ಹಾಕಿದರೆ 150ರ ದಾರಿಗೆ 24 ಕೆಜಿ ಕಬ್ಬಿಣ, 200ರ ದಾರಿಗೆ 17ಕ್ಕೂ ಕಡಿಮೆ. ದಪ್ಪ ಬೀಮು ದುಬಾರಿ ಅಂತ ಕಾಣುತ್ತದೆ, ಕೊನೆಗೆ ಅಗ್ಗವಾಗುವುದು ಅದೇ. ಎತ್ತರವನ್ನು 150ರಿಂದ 200ಕ್ಕೆ ಏರಿಸಿದಾಗ ಕಬ್ಬಿಣದ ತೂಕ ಒಂದೂಮುಕ್ಕಾಲು ಪಟ್ಟಿನೊಳಗೇ ಇದೆ, ಬಿಗಿ ಮಾತ್ರ ಮೂರು ಪಟ್ಟಿನ ಹತ್ತಿರ ಹೋಗಿದೆ. ಬಿಲ್ ಕೊಡುವಾಗ ತೂಕ ನೋಡಿ. 200 ಅಂತ ಹೇಳಿ ಮೀಟರಿಗೆ 24 ಕೆಜಿಗಿಂತ ತುಂಬ ಕಡಿಮೆ ತೂಗಿದರೆ ಅದು ತೆಳು ಮಾಲು, ಈ ಲೆಕ್ಕ ಅದಕ್ಕೆ ನಿಲ್ಲುವುದಿಲ್ಲ.

ಇನ್ನೊಂದು ದಾರಿ ನಡುವೆ ಒಂದೊಂದು ಕಂಬ ಕೊಡುವುದು. ಕೋಣೆಯಲ್ಲಿ ಕಂಬ ಇದ್ದರೆ ಪರವಾಗಿಲ್ಲ ಅನ್ನುವುದಾದರೆ 150 ಧಾರಾಳ ಸಾಕು, ಅತಿ ದೊಡ್ಡ ಮೊಮೆಂಟ್ ಕಾಲು ಭಾಗಕ್ಕೆ ಇಳಿಯುತ್ತದೆ, ಜಗ್ಗುವುದು ಒಂದು ಮಿ.ಮೀ. ಸುಮಾರು. ಆದರೆ ಒಂದೇ ಉದ್ದದ ಬೀಮು ನಡುವಿನ ಕಂಬದ ಮೇಲೆ ಹಾದು ಹೋದರೆ ಕಂಬಕ್ಕೆ ಬರುವ ಭಾರ ಅರ್ಧ ಅಲ್ಲ, ಎಂಟರಲ್ಲಿ ಐದು ಪಾಲು, ಸುಮಾರು 22 ಕಿಲೋನ್ಯೂಟನ್. ಎರಡು ಟನ್ನಿಗೂ ಜಾಸ್ತಿ. ಗಾರೆ ನೆಲದ ಮೇಲೆ ಸುಮ್ನೆ ನಿಲ್ಲಿಸಿದ ಪೈಪು ಮಳೆಗಾಲದಲ್ಲಿ ಕುಸಿಯುತ್ತದೆ, ಕೆಳಗೆ ಬುನಾದಿ ತೋಡಲೇಬೇಕು.

ಹಲಸಿನ ತೊಲೆ. 6×8 ಇಂಚು ಅಂದರೆ 150 × 200 ಮಿ.ಮೀ. ಆಯತಕ್ಕೆ ಐ ಸಿಗುವುದು ಅಗಲ × ಎತ್ತರದ ಮೂರನೇ ಘಾತ ÷ 12ರಿಂದ, 8 ಇಂಚು ಎತ್ತರಕ್ಕೆ ಬರುವಂತೆ ನಿಲ್ಲಿಸಿದರೆ 10,000 ಸೆಂ.ಮೀ. ನಾಲ್ಕನೇ ಘಾತ. 200ರ ಐ ಬೀಮಿನ ಸುಮಾರು ಐದು ಪಟ್ಟು ಅಂತ ಖುಷಿ ಪಡಬೇಡಿ, ಮರದ ಇ ಕಬ್ಬಿಣದ ಇಪ್ಪತ್ತರಲ್ಲಿ ಒಂದು ಪಾಲು. ಹಲಸಿಗೆ ನಾನು 9,000 ಹಿಡಿಯುತ್ತೇನೆ. ನಿಮ್ಮ 5 ಮೀಟರ್ ಸ್ಪ್ಯಾನಿಗೆ, ಅದೇ ಭಾರಕ್ಕೆ, ಅದು 63 ಮಿ.ಮೀ. ಜಗ್ಗುತ್ತದೆ, ಸ್ಟ್ರೆಸ್ 22ರ ಹತ್ತಿರ. ಹಳೆ ಹಲಸಿಗೆ ನಾನು 8ಕ್ಕಿಂತ ಮೇಲೆ ಹೋಗುವುದಿಲ್ಲ. ಹಾಗಾಗಿ ಉಗ್ರಾಣಕ್ಕೆ ಬೇಡ.

ಆದರೆ ಆ ತೊಲೆಗಳನ್ನು ಮಾರಿಬಿಡಬೇಡಿ. ಸ್ಪ್ಯಾನು 3 ಮೀಟರ್ ಬರುವ ಸಣ್ಣ ಕೋಣೆಗೆ, ಮೀಟರಿಗೊಂದು ತೊಲೆ ಹಾಕಿ, ಮೂಟೆ ಎರಡೇ ಸಾಲು ಇಟ್ಟರೆ ಮೀಟರ್ ಭಾರ 3.3 ಆಗುತ್ತದೆ, ಸ್ಟ್ರೆಸ್ 4ಕ್ಕೂ ಕಡಿಮೆ, ಜಗ್ಗುವುದು 4 ಮಿ.ಮೀ. ಚೆನ್ನಾಗಿ ಹೊರುತ್ತದೆ. ಮರಕ್ಕೆ ಒಂದು ಗುಣವಿದೆ, ಭಾರ ತಿಂಗಳುಗಟ್ಟಲೆ ಹಾಗೇ ಇದ್ದರೆ ಅದು ನಿಧಾನಕ್ಕೆ ಇನ್ನೂ ಜಗ್ಗುತ್ತಾ ಹೋಗುತ್ತದೆ, ಶೀತ ಹವೆಯಲ್ಲಿ ಜಾಸ್ತಿ. ದರ ಬರಲಿ ಅಂತ ಮಳೆಗಾಲ ಪೂರ್ತಿ ಅಡಿಕೆ ಅಟ್ಟದಲ್ಲೇ ಇಡುವವರು ಈ 4 ಅನ್ನು 8 ಅಂತ ಎಣಿಸಿಕೊಳ್ಳಬೇಕು, ಮಿತಿ 10. ತೊಲೆ ಹಾಕುವ ಮೊದಲು ಗೋಡೆಯೊಳಗೆ ಇದ್ದ ಎರಡು ತುದಿಗಳನ್ನು ಉಳಿಯಿಂದ ಕೆತ್ತಿ ನೋಡಿ. ಒರಲೆ ಹಿಡಿಯುವುದು, ಕೊಳೆಯುವುದು ಅಲ್ಲೇ. ತುದಿಯಲ್ಲಿ ಮೊಮೆಂಟ್ ಇಲ್ಲ ನಿಜ, ಆದರೆ ಶಿಯರ್, ಅಂದರೆ ತೊಲೆಯನ್ನು ಕತ್ತರಿಸಲು ನೋಡುವ ಬಲ, ಪೂರ್ತಿ ಅಲ್ಲೇ ಇರುತ್ತದೆ. ಕೆಳಗಿನಿಂದ ಕಚ್ಚು ಕೊಟ್ಟ ತುದಿಯಾದರೆ ಆ ಮೂಲೆಯಿಂದ ಎಳೆಗುಂಟ ಸೀಳು ಓಡುತ್ತದೆ. ಕೆಟ್ಟ ತುದಿಗಳನ್ನು ಕೊಯ್ದು ಹಾಕಿ, ಚಿಕ್ಕ ಸ್ಪ್ಯಾನಿಗೆ ಉದ್ದ ಹೇಗೂ ಉಳಿಯುತ್ತದೆ. ಮತ್ತೆ, ತೊಲೆಯನ್ನು ಮಲಗಿಸಿ ಹಾಕಬೇಡಿ. 6 ಇಂಚು ಎತ್ತರಕ್ಕೆ ಬಂದರೆ ಬಿಗಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಮಾತ್ರ ಉಳಿಯುತ್ತದೆ, ಅದೇ ಮರ, ಅದೇ ತೂಕ.

ಗಡಗಡೆ ವಿಷಯದಲ್ಲಿ ಜನ ಮರೆಯುವುದು ಒಂದಿದೆ. 65 ಕೆಜಿ ಮೂಟೆ ಎತ್ತುವಾಗ ಬೀಮಿನ ತುದಿಗೆ ಬರುವುದು 65 ಅಲ್ಲ. ಹಗ್ಗದ ಒಂದು ಕಡೆ ಮೂಟೆ ಎಳೆಯುತ್ತದೆ, ಇನ್ನೊಂದು ಕಡೆ ಕೆಳಗೆ ನಿಂತ ಆಳು ಅಷ್ಟೇ ಬಲದಿಂದ ಎಳೆಯುತ್ತಾರೆ. 130 ಕೆಜಿ ಆಯಿತು. ಜರ್ಕ್ ಹೊಡೆಯುವುದಕ್ಕೆ ಎರಡು ಪಟ್ಟು ಮಾಡಿ, 260. ಒಂದು ಮೀಟರ್ ಹೊರಚಾಚಿದ್ದಕ್ಕೆ ಮೊಮೆಂಟ್ 2.6 ಕಿಲೋನ್ಯೂಟನ್ ಮೀಟರ್, ಗೋಡೆಯ ಮೇಲೆ ಬರುತ್ತದೆ. 200ರ ಬೀಮಿಗೆ ಇದು ಲೆಕ್ಕಕ್ಕೇ ಇಲ್ಲ, ಸ್ಟ್ರೆಸ್ 12 ಸುಮಾರು. ಆದರೆ ಹೊರಚಾಚಿದ ಭಾಗದಲ್ಲಿ ಎಲ್ಲ ತಿರುವುಮುರುವು, ಎಳೆತ ಮೇಲೆ, ಒತ್ತಡ ಕೆಳಗೆ. ಮತ್ತು ಆಚೆ ತುದಿ ಎದುರು ಗೋಡೆಯಿಂದ ಮೇಲೇಳಲು ನೋಡುತ್ತದೆ, 2.6 ÷ 5, ಸುಮಾರು 52 ಕೆಜಿ ಬಲದಿಂದ. ಹಲಗೆ, ಬೀಮಿನ ತೂಕವೇ ಅದನ್ನು ಅದುಮಿ ಹಿಡಿಯುತ್ತದೆ. ಹಾಗಿದ್ದರೂ ಹಲಗೆ ಹೊಡೆಯುವ ಮೊದಲೇ ಗಡಗಡೆ ಕಟ್ಟಿ ಸಾಮಾನು ಎತ್ತಲು ಹೋಗಬೇಡಿ.

ಈಗ ಗೋಡೆ. ನನಗೆ ಬೀಮಿಗಿಂತ ನಿಮ್ಮ ಗೋಡೆಯದ್ದೇ ಚಿಂತೆ ಜಾಸ್ತಿ. ಪ್ರತಿ ತುದಿಗೆ 17.5 ಕಿಲೋನ್ಯೂಟನ್ ಅಂದೆ. ಬೀಮಿನ ಫ್ಲೇಂಜು 100 ಮಿ.ಮೀ. ಅಗಲ, ಗೋಡೆಯೊಳಗೆ 150 ಮಿ.ಮೀ. ಕೂತಿದೆ. ಅಷ್ಟು ಚಿಕ್ಕ ಜಾಗದಲ್ಲಿ ಚದರ ಮಿ.ಮೀ.ಗೆ 1.17 ನ್ಯೂಟನ್ ಒತ್ತಡ. ಐಎಸ್ 3620 ಒಳ್ಳೆ ಜಂಬಿಟ್ಟಿಗೆ ಕಲ್ಲಿಗೆ ಕೇಳುವುದೇ 3.5, ಅದು ಬರೀ ಕಲ್ಲಿಗೆ, ಪುಡಿಯಾಗುವ ಮಟ್ಟ. ಮಣ್ಣಿನ ಗಾರೆಯ ಗೋಡೆ ಸುರಕ್ಷಿತವಾಗಿ ಹೊರುವುದು ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಬೀಮನ್ನು ಕಲ್ಲಿನ ಮೇಲೆ ನೇರ ಇಡಬೇಡಿ. ಪ್ರತಿ ತುದಿಗೂ ಒಂದೂವರೆ ಅಡಿ ಉದ್ದ, 9 ಇಂಚು ಅಗಲ, 6 ಇಂಚು ದಪ್ಪದ ಕಾಂಕ್ರೀಟ್ ಬೆಡ್ ಬ್ಲಾಕ್ ಹಾಕಿಸಿ, ಒಳಗೆ ಸ್ವಲ್ಪ ಕಂಬಿ ಇರಲಿ. ಒತ್ತಡ ಏಳರಲ್ಲಿ ಒಂದು ಪಾಲಿಗೆ, 0.17ಕ್ಕೆ ಇಳಿಯುತ್ತದೆ. ಕಿಟಕಿ ಬಾಗಿಲ ನೆತ್ತಿಯ ಮೇಲೆ ಬೀಮು ಬರುವುದಾದರೆ ಬೀಮನ್ನೇ ಆಚೀಚೆ ಸರಿಸಿ. ಗೋಡೆಯೊಳಗೆ ಹೋಗುವ ತುದಿಗೆ ರೆಡ್ ಆಕ್ಸೈಡ್ ಎರಡು ಕೋಟ್ ಹೊಡೆದೇ ಇಡಿ, ಮಲೆನಾಡಿನ ಮಳೆಗೆ ಕಬ್ಬಿಣ ತುಕ್ಕು ಹಿಡಿಯುವುದು ಕಣ್ಣಿಗೆ ಕಾಣದ ಆ ಜಾಗದಲ್ಲೇ. ಗೋಡೆ ಹಳೆಯದಾದ್ದರಿಂದ ಒಬ್ಬ ಸಿವಿಲ್ ಎಂಜಿನಿಯರನ್ನು ಕರೆದು ಗೋಡೆ ಮತ್ತು ಬುನಾದಿಯನ್ನು ಎದುರಿಗೇ ತೋರಿಸಿ, ಅದನ್ನು ಪತ್ರದಲ್ಲಿ ನೋಡಿ ಹೇಳಲಾಗುವುದಿಲ್ಲ.

ಇನ್ನೊಂದು, ಹಲಗೆಯನ್ನೋ ಜಂತಿಯನ್ನೋ ಬೀಮಿನ ಮೇಲಿನ ಫ್ಲೇಂಜಿಗೆ ಬೋಲ್ಟ್ ಹಾಕಿ ಬಿಗಿಸಲೇಬೇಕು. ಮೇಲಿನ ಫ್ಲೇಂಜು ಒತ್ತಡದಲ್ಲಿರುತ್ತದೆ ಅಂದೆನಲ್ಲ, ಉದ್ದನೆಯ ತೆಳು ಪಟ್ಟಿಯನ್ನು ಎರಡೂ ತುದಿಯಿಂದ ಒತ್ತಿದರೆ ಅದು ಪಕ್ಕಕ್ಕೆ ಹಾರುತ್ತದೆ. 5 ಮೀಟರ್ ಉದ್ದಕ್ಕೂ ಯಾರೂ ಹಿಡಿದುಕೊಳ್ಳದ ಬೀಮು ಹೀಗೆ ಪಕ್ಕಕ್ಕೆ ತಿರುಚಿಕೊಳ್ಳಬಹುದು, ಆಗ ಮೇಲಿನ ಲೆಕ್ಕದ ಶಕ್ತಿ ಸಿಗುವುದಿಲ್ಲ. ಸುಮ್ನೆ ಇಟ್ಟ ಹಲಗೆ ಸಾಲದು.

ಮೂಟೆ ಜೋಡಿಸುವುದರಲ್ಲೂ ಲೆಕ್ಕ ಇದೆ. ಹಳ್ಳದ ಕಾಲುಸಂಕ ದಾಟುವಾಗ ನಡುವಿಗೆ ಬಂದಾಗ ಅಲ್ವಾ ಅದು ಹೆಚ್ಚು ಬಾಗುವುದು? ಒಂದೇ ತೂಕ ಇಡೀ ಸಂಕದ ಮೇಲೆ ಹರಡಿದ್ದಕ್ಕಿಂತ ನಡುವೆ ಒಂದೇ ಕಡೆ ನಿಂತರೆ ಮೊಮೆಂಟ್ ಎರಡು ಪಟ್ಟು. ಅಟ್ಟಕ್ಕೂ ಅದೇ. ಎರಡೂ ಗೋಡೆಗೆ ಒತ್ತಿ ಒಂದೂವರೆ ಮೀಟರ್ ಅಗಲಕ್ಕೆ ಮೂಟೆ ಜೋಡಿಸಿ, ನಡುವೆ ಎರಡು ಮೀಟರ್ ಓಡಾಡಲು ಬಿಟ್ಟರೆ ಮೂಟೆಯಿಂದ ಬರುವ ಮೊಮೆಂಟ್ 6.75. ಅಷ್ಟೇ ಮೂಟೆಯನ್ನು ನಡುವೆ ಮೂರು ಮೀಟರಿನಲ್ಲಿ ರಾಶಿ ಹಾಕಿ ಅಂಚಿನಲ್ಲಿ ಓಡಾಡಿದರೆ 15.75. ನಿಮ್ಮ ನೂರು ಮೂಟೆ ಗೋಡೆ ಪಕ್ಕದ ಎರಡು ಸಾಲಿನಲ್ಲೇ ಹಿಡಿಯುತ್ತದೆ. ಆದರೆ ಇದನ್ನು ನಂಬಿಕೊಂಡು ಚಿಕ್ಕ ಬೀಮು ತರಬೇಡಿ, ಮುಂದೊಂದು ವರ್ಷ ಮೂಟೆ ಏರಿಸುವ ಆಳಿಗೆ ಈ ಲೆಕ್ಕ ಗೊತ್ತಿರುವುದಿಲ್ಲ.

ಎಲ್ಲ ಮುಗಿದ ಮೇಲೆ ನೀವೇ ಪರೀಕ್ಷೆ ಮಾಡಬಹುದು. ಮೂಟೆ ಏರಿಸುವ ಮೊದಲು ಬೀಮಿನ ಪಕ್ಕದಲ್ಲಿ ಗೋಡೆಯಿಂದ ಗೋಡೆಗೆ ನೈಲಾನ್ ದಾರ ಬಿಗಿಯಾಗಿ ಕಟ್ಟಿ, ದಾರ ಬೀಮಿಗೆ ತಾಗದಿರಲಿ, ನಡುವೆ ಬೀಮಿನ ತಳದಿಂದ ದಾರಕ್ಕೆ ಎಷ್ಟಿದೆ ಅಂತ ಸ್ಕೇಲ್ ಹಿಡಿದು ಬರೆದಿಡಿ. ಮೂಟೆ ಪೂರ್ತಿ ಏರಿಸಿದ ಮೇಲೆ ಮತ್ತೆ ಅಳೆಯಿರಿ. ಇಡೀ ಅಟ್ಟ ಮೂರು ಸಾಲು ತುಂಬಿದರೆ ವ್ಯತ್ಯಾಸ 11–12 ಮಿ.ಮೀ. ಬರಬೇಕು, ಗೋಡೆ ಪಕ್ಕ ಮಾತ್ರ ಜೋಡಿಸಿದ್ದರೆ ಅದರ ಅರ್ಧಕ್ಕೂ ಕಡಿಮೆ. 17 ದಾಟಿದರೆ ಒಂದೋ ಬೀಮಿನ ತೂಕ ಕಡಿಮೆ ಇದೆ, ಇಲ್ಲ ಬೆಡ್ ಬ್ಲಾಕ್ ಕುಸಿಯುತ್ತಿದೆ. ಮೂಟೆ ಇಳಿಸಿ, ಆಮೇಲೆ ಎಂಜಿನಿಯರಿಗೆ ಫೋನ್ ಮಾಡಿ.